ಹರಳಿನೊಳಗಣ ಗುಟ್ಟನ್ನು ಕಂಡ ವಿದುಷಿ ಡಾರತಿ ಹಾಜ್‌ಕಿನ್

ನಮ್ಮ ಮನೆಗಳಲ್ಲಿ ಔಷಧದ ಪೆಟ್ಟಿಗೆಯೆಂಬುದೊಂದು ಇದ್ದೇ ಇರುವುದಷ್ಟೆ. ಮಕ್ಕಳ ಗಂಟಲುನೋವಿಗೋ ಕಿವಿಸೋರಿಕೆಗೋ ವೈದ್ಯರು ಬರೆದುಕೊಟ್ಟ ಪೆನಿಸಿಲಿನ್ ಜಾತಿಯ ಗುಳಿಗೆಗಳು ಅದರಲ್ಲಿ ಇರುವುದುಂಟು. ಮೈಯಲ್ಲಿ ನೆತ್ತರು ಕಡಮೆಯಾಗಿ ಕೈಕಾಲು ಜೋಮುಹಿಡಿಯುವವರಿಗೆ ಚುಚ್ಚುವ, ಬಿ-೧೨ ಎಂಬ ಕೆಂಪು ಬಣ್ಣದ ಜೀವಸತ್ತ್ವದ ಮದ್ದು ಇರುವುದುಂಟು. ಮಧುಮೇಹಿಗಳಿರುವ ಮನೆಯಾದರೆ ಇನ್ಸುಲಿನ್ ಇರುವುದುಂಟು. ಈ ಮೂರನ್ನೂ ಕಂಡುಹಿಡಿದವರು ಬೇರೆ ಬೇರೆ ಜನರು, ಬೇರೆ ಬೇರೆ ದೇಶದವರು. ಆದರೆ ಈ ಮೂರು ವಸ್ತುಗಳ ಒಳರಚನೆ ಎಂಥದು, ಅವುಗಳ ಒಂದೊಂದು ಪರಮಾಣುವೂ ಎಲ್ಲೆಲ್ಲಿ ನೆಲಸಿದೆ ಎಂಬುದನ್ನು ತಮ್ಮ ಶಿಷ್ಯರನ್ನೂ ಸಹೋದ್ಯೋಗಿಗಳನ್ನೂ ಕೂಡಿಕೊಂಡು ಲೋಕಕ್ಕೆ ತೋರಿಸಿಕೊಟ್ಟವರು ಒಬ್ಬರೇ. ಆಕೆಯೇ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞೆ ಡಾರತಿ ಕ್ರೋಫುಟ್ ಹಾಜ್‌ಕಿನ್.

ಈಕೆಯ ಚರಿತ್ರೆಯನ್ನು ಗೃಹಸ್ಥರಾದ ವಾಚಕರ ಮುಂದಿಡುವುದಕ್ಕೆ ಈ ಉಪಕಾರವೊಂದೇ ಕಾರಣವಲ್ಲ. ಉತ್ತರವು ತಿಳಿಯದಿರುವಾಗ ‘ತಿಳಿಯದು’ ಎಂದೇ ಹೇಳುವುದು. ಹಾಗೆ ಹೇಳಿದ ಮೇಲೆ ಪ್ರಶ್ನೆಯನ್ನು ಕೈಬಿಡದೆ ಕಾದುಕೊಂಡಿರುವುದು. ಈ ಎರಡು ಗುಣಗಳು ಒಬ್ಬರಲ್ಲಿಯೇ ಕೂಡಿರುವುದು ಬಹಳ ಅಪೂರ್ವ. ಹಾಜ್‌ಕಿನ್ನರು ಒಂದು ಪ್ರಶ್ನೆಯನ್ನು ಇಪ್ಪತ್ತೈದನೆಯ ವಯಸ್ಸಿನಲ್ಲಿ ಕೈಗೆತ್ತಿಕೊಂಡು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಬಿಡಿಸಿದರು. ಆ ನಡುವಣ ಮೂವತ್ತುನಾಲ್ಕು ವರ್ಷಗಳ ಕಥೆಯೇ ಈ ಲೇಖನದ ಸಾರ.

ಹರಳು ಎಂದರೇನು?

ಅಡುಗೆಯ ಉಪ್ಪು, ಕಲ್ಲುಸಕ್ಕರೆ, ಕದಡಿದ ನೀರನ್ನು ತಿಳಿಗೊಳಿಸುವ ಪಟಿಕ, ಅಡಕೆಯ ತೋಟದವರು ಸುಣ್ಣದೊಡನೆ ಕಲಸಿ ಸಿಂಪಡಿಸುವ ಮೈಲುತುತ್ತ, ಇವೆಲ್ಲವೂ ಹರಳುಗಳೇ. ಪಟಿಕವೆಂಬ ಹೆಸರು ‘ಸ್ಫಟಿಕ’ ಶಬ್ದದ ತದ್ಭವ. ಹಳಗನ್ನಡದವರು ಸ್ಫಟಿಕವನ್ನೇ ‘ಪಳಿಕು’ ಎಂದರು. ಹರಳುಗಳ ಮೈ ನಯವಾಗಿ, ಅಂಚುಗಳು ನೇರವಾಗಿ, ಮೂಲೆಗಳು ಅಳೆದು ಕಡೆದಂತೆ ಇರುವುದಕ್ಕೆ ಕಾರಣವೇನು? ಅದರೊಳಗಿನ ಅಣುಗಳು ಕಂಡಕಂಡಂತೆ ರಾಶಿಬಿದ್ದಿರದೆ ಒಂದು ಕ್ರಮದಲ್ಲಿ ಸಾಲುಗೊಂಡಿರುವುದೇ ಕಾರಣ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಹಾಕುವ ಚುಕ್ಕಿಯ ರಂಗೋಲಿಯನ್ನು ನೆನೆದುಕೊಳ್ಳಿರಿ. ಸಮನಾದ ಅಂತರದಲ್ಲಿ ಚುಕ್ಕಿಗಳನ್ನಿಟ್ಟು, ಬಳಿಕ ಪ್ರತಿಯೊಂದು ಚುಕ್ಕಿಯ ಸುತ್ತಲೂ ಒಂದೇ ಬಗೆಯ ಎಸಳನ್ನು ಎಳೆಯುತ್ತ ಹೋದರೆ ಅಂಗಳವೆಲ್ಲ ಒಂದೇ ಚಿತ್ರದ ಪುನರಾವೃತ್ತಿಯಾಗುವುದು. ಹರಳೆಂಬುದು ಉದ್ದ, ಅಗಲ, ಎತ್ತರ ಎಂಬ ಮೂರು ದಿಕ್ಕುಗಳಿಗೂ ಹಬ್ಬಿದ ಇಂಥ ರಂಗೋಲಿ. ಆದುದರಿಂದ ಅದರೊಳಗಿನ ಒಂದು ಚಿಕ್ಕ ಕೋಶದ ರಚನೆಯನ್ನು ಅರಿತರೆ ಇಡಿಯ ಹರಳನ್ನು ಅರಿತಂತೆಯೇ. ಒಂದು ಅಗುಳನ್ನು ಹಿಚುಕಿ ಪಾತ್ರೆಯ ಅನ್ನದ ಹದವನ್ನೆಲ್ಲ ತಿಳಿಯುವ ಸ್ಥಾಲೀಪುಲಾಕನ್ಯಾಯವು ಇಲ್ಲಿ ಅಕ್ಷರಶಃ ಸಲ್ಲುವುದು.

ಆದರೆ ಆ ಒಂದು ಅಗುಳನ್ನು ನೋಡುವುದು ಹೇಗೆ? ಪರಮಾಣುಗಳ ನಡುವಣ ಅಂತರವು ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲಿನ ಆಸುಪಾಸಿನದು. ನಮ್ಮ ಕಣ್ಣಿಗೆ ತೋರುವ ಬೆಳಕಿನ ಅಲೆಯಾದರೋ ಅದಕ್ಕಿಂತ ಸಾವಿರಾರು ಪಾಲು ದೊಡ್ಡದು. ಒನಕೆಯಿಂದ ಸೂಜಿಯ ಕಣ್ಣನ್ನು ತಡವಿ ನೋಡುವುದಕ್ಕಾದೀತೆ? ಎಷ್ಟೇ ಒಳ್ಳೆಯ ಸೂಕ್ಷ್ಮದರ್ಶಕವಿದ್ದರೂ ಸಾಧಾರಣ ಬೆಳಕಿನಿಂದ ಪರಮಾಣುವು ಕಾಣದು. ವೈದ್ಯಶಾಲೆಗಳಲ್ಲಿ ಎಲುಬುಗಳ ಚಿತ್ರವನ್ನು ತೆಗೆಯಲು ಬಳಸುವ ಕ್ಷ-ಕಿರಣದ ಅಲೆಯು ಮಾತ್ರ ಪರಮಾಣುಗಳ ಅಂತರಕ್ಕೆ ಸರಿಸಮವಾದ ಅಳತೆಯುಳ್ಳದ್ದು. ೧೯೧೨ರಲ್ಲಿ ಜರ್ಮನಿಯ ಮಾಕ್ಸ್ ಫಾನ್ ಲೌವೆ ಎಂಬವರ ಸೂಚನೆಯಂತೆ ಹರಳೊಂದರ ಮೂಲಕ ಕ್ಷ-ಕಿರಣವನ್ನು ಹಾಯಿಸಿದಾಗ ಆಚೆಯ ಛಾಯಾಪಟದ ಮೇಲೆ ಕ್ರಮವಾದ ಚುಕ್ಕಿಗಳು ಮೂಡಿದುವು. ಆ ಚುಕ್ಕಿಗಳಿಂದ ಪರಮಾಣುಗಳ ಸ್ಥಾನವನ್ನು ಗಣಿಸುವ ಮಾರ್ಗವನ್ನು ಇಂಗ್ಲೆಂಡಿನ ಬ್ರಾಗ್ ಎಂಬ ತಂದೆ ಮಕ್ಕಳಿಬ್ಬರು ತೋರಿಸಿ, ೧೯೧೫ರಲ್ಲಿ ಇಬ್ಬರೂ ನೊಬೆಲ್ ಪಾರಿತೋಷಕವನ್ನು ಪಡೆದರು.

ಹೊಗೆಯಿಂದ ಬೆಂಕಿ

ನಮ್ಮ ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ ಎಂಬ ಪ್ರಮಾಣಗಳನ್ನು ಹೇಳಿರುವುದನ್ನು ವಾಚಕರು ಬಲ್ಲರು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯುಂಟೆಂದು ನಿಶ್ಚಯಿಸುವುದು ಅನುಮಾನ. ಛಾಯಾಪಟದ ಚುಕ್ಕಿಗಳು ಹೊಗೆ. ಪರಮಾಣುಗಳ ರಚನೆಯೇ ಬೆಂಕಿ. ಆದರೆ ಇಲ್ಲಿ ಒಂದು ದೊಡ್ಡ ತೊಡಕುಂಟು. ಹರಳಿನಿಂದ ಚದರಿ ಬರುವ ಪ್ರತಿಯೊಂದು ಕಿರಣದ ಬಲವೆಷ್ಟು ಎಂಬುದನ್ನು ಚುಕ್ಕಿಯ ಕಪ್ಪಿನಿಂದ ಅಳೆಯಬಹುದು. ಆ ಕಿರಣದ ಅಲೆಯು ಉಳಿದ ಅಲೆಗಳಿಗಿಂತ ಎಷ್ಟು ಮುಂದಾಗಿ ಅಥವಾ ಹಿಂದಾಗಿ ಬಂದಿತು ಎಂಬುದನ್ನು ಮಾತ್ರ ಚುಕ್ಕಿಯು ಹೇಳದು. ಎರಡೂ ತಿಳಿದಲ್ಲದೆ ಚಿತ್ರವು ಸಿದ್ಧಿಸದು. ಹೊಗೆಯು ಕಂಡಿತು, ಆದರೆ ಬೆಂಕಿ ಬೆಟ್ಟದ ಯಾವ ಮಗ್ಗುಲಲ್ಲಿದೆಯೆಂದು ತಿಳಿಯದು ಎಂಬಂತಹ ಅವಸ್ಥೆ. ಉಪ್ಪಿನಂತಹ ಸರಳ ವಸ್ತುಗಳಲ್ಲಿ ಊಹೆಯಿಂದಲೇ ಇದನ್ನು ದಾಟಬಹುದು. ನೂರಾರು ಪರಮಾಣುಗಳು ಕೂಡಿದ ಜೀವವಸ್ತುಗಳಲ್ಲಿ ಅದು ಅಸಾಧ್ಯವೆಂದೇ ಆ ಕಾಲದ ಪಂಡಿತರು ಬಗೆದಿದ್ದರು. ಹಾಜ್‌ಕಿನ್ನರು ಹೊಕ್ಕದ್ದು ಈ ಕಾಡನ್ನು.

ಬಾಲ್ಯ, ವಿದ್ಯಾಭ್ಯಾಸ

ಡಾರತಿಯು ೧೯೧೦ನೆಯ ಇಸವಿ ಮೇ ೧೨ರಂದು ಈಜಿಪ್ಟಿನ ಕೈರೋ ನಗರದಲ್ಲಿ ಜನಿಸಿದಳು. ತಂದೆ ಜಾನ್ ಕ್ರೋಫುಟ್ ಅಲ್ಲಿನ ವಿದ್ಯಾ ಇಲಾಖೆಯಲ್ಲಿದ್ದು, ಮುಂದೆ ಪ್ರಾಚೀನ ಅವಶೇಷಗಳ ಶೋಧನೆಯಲ್ಲಿ ಹೆಸರು ಪಡೆದವನು. ತಾಯಿ ಗ್ರೇಸ್ ಮೇರಿಯು ಪುರಾತನ ನೇಯ್ಗೆಗಳ ವಿಷಯದಲ್ಲಿ ಪಾಂಡಿತ್ಯವುಳ್ಳವಳು. ನಾಲ್ವರು ಹೆಣ್ಣುಮಕ್ಕಳಲ್ಲಿ ಡಾರತಿಯೇ ಹಿರಿಯಳು. ಮೊದಲನೆಯ ಮಹಾಯುದ್ಧವು ತಲೆದೋರಿದಾಗ ಮಕ್ಕಳನ್ನು ಇಂಗ್ಲೆಂಡಿನಲ್ಲಿ ಬಿಟ್ಟು ತಂದೆತಾಯಿಗಳು ದೂರದಲ್ಲಿ ಇರಬೇಕಾಯಿತು. ಹತ್ತು ವರ್ಷದ ವಯಸ್ಸಿನಲ್ಲಿ ಒಂದು ಚಿಕ್ಕ ಪಾಠಶಾಲೆಯಲ್ಲಿ ಈ ಬಾಲಕಿಯು ಪಟಿಕ ಮತ್ತು ಮೈಲುತುತ್ತಗಳ ಹರಳುಗಳನ್ನು ನೀರಿನಲ್ಲಿ ಬೆಳೆಸುವುದನ್ನು ಕಲಿತಳು. ತಿಳಿನೀರಿನೊಳಗಿಂದ ತಾನಾಗಿಯೇ ಮೂಲೆಮೂಲೆಯಾಗಿ ಮೂಡಿಬರುವ ಆ ನೀಲಿಯ ಹರಳು ಅವಳ ಮನಸ್ಸನ್ನು ಹಿಡಿದುಬಿಟ್ಟಿತು. ಮನೆಯ ಅಟ್ಟದ ಮೇಲೆ ತನ್ನದೇ ಒಂದು ಪ್ರಯೋಗಶಾಲೆಯನ್ನು ಹೂಡಿಕೊಂಡಳು.

ಶಾಲೆಯಲ್ಲಿ ರಸಾಯನಶಾಸ್ತ್ರವು ಗಂಡುಹುಡುಗರಿಗೆ ಮಾತ್ರವೆಂಬ ಪದ್ಧತಿಯಿದ್ದಿತು. ಡಾರತಿಗೂ ಮತ್ತೊಬ್ಬ ಹುಡುಗಿಗೂ ವಿಶೇಷವಾಗಿ ಅನುಮತಿ ದೊರೆತು, ಅವರಿಬ್ಬರೂ ಹುಡುಗರೊಡನೆ ಕುಳಿತು ಕಲಿತರು. ಹದಿನಾರನೆಯ ಹುಟ್ಟುಹಬ್ಬಕ್ಕೆ ತಾಯಿಯು ಮಗಳಿಗೆ ಒಂದು ಪುಸ್ತಕವನ್ನು ಕೊಟ್ಟಳು. ಹಿರಿಯ ಬ್ರಾಗ್ ಬರೆದ ಆ ಪುಸ್ತಕದಿಂದ, ಕ್ಷ-ಕಿರಣದ ಮೂಲಕ ಪರಮಾಣುಗಳನ್ನು ‘ನೋಡ’ಬಹುದೆಂಬ ಮಾತು ಅವಳಿಗೆ ಗೊತ್ತಾಯಿತು. ಒಬ್ಬ ತಾಯಿಯು ಕೊಟ್ಟ ಒಂದು ಪುಸ್ತಕವು ಒಂದು ಜೀವಮಾನದ ದಾರಿಯನ್ನು ಗೊತ್ತುಮಾಡಿದುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ೧೯೨೮ರಲ್ಲಿ ಆಕ್ಸ್‌ಫರ್ಡಿನ ಸಾಮರ್‌ವಿಲ್ ಎಂಬ ಸ್ತ್ರೀಯರ ಕಾಲೇಜನ್ನು ಸೇರಿ, ೧೯೩೨ರಲ್ಲಿ ರಸಾಯನಶಾಸ್ತ್ರದಲ್ಲಿ ಪ್ರಥಮ ಶ್ರೇಣಿಯಲ್ಲಿ ಉತ್ತೀರ್ಣಳಾಗಿ, ಸಂಶೋಧನೆಗಾಗಿ ಕೇಂಬ್ರಿಜ್‌ನಲ್ಲಿ ಜೆ. ಡಿ. ಬರ್ನಾಲ್ ಎಂಬ ಪ್ರತಿಭಾಶಾಲಿಯಾದ ಗುರುವಿನ ಬಳಿಗೆ ಹೋದಳು.

ಅಲ್ಲಿ ೧೯೩೪ರಲ್ಲಿ ಒಂದು ಹೊಸ ಬಾಗಿಲು ತೆರೆಯಿತು. ನಮ್ಮ ಜಠರದಲ್ಲಿ ಆಹಾರವನ್ನು ಕರಗಿಸುವ ಪೆಪ್ಸಿನ್ ಎಂಬ ಪ್ರೋಟೀನಿನ ಹರಳುಗಳು ಸ್ವೀಡನ್ನಿನಿಂದ ಬಂದಿದ್ದುವು. ಪ್ರೋಟೀನುಗಳ ಹರಳನ್ನು ಒಣಗಿಸಿ ಕ್ಷ-ಕಿರಣಕ್ಕೆ ಒಡ್ಡಿದವರಿಗೆ ಅಲ್ಲಿಯವರೆಗೆ ಮಸುಕಾದ ಕಲೆಯ ಹೊರತು ಏನೂ ಕಂಡಿರಲಿಲ್ಲ. ಬರ್ನಾಲರು ಹರಳನ್ನು ಅದು ಹುಟ್ಟಿದ ದ್ರವದಲ್ಲಿಯೇ ನೆನೆದಿರಿಸಿ ಚಿತ್ರ ತೆಗೆದರು. ಸ್ಫುಟವಾದ ಚುಕ್ಕಿಗಳು ಮೂಡಿದುವು. ನೀರಿನಿಂದ ಕಿತ್ತ ತಾವರೆಯಂತೆ ಒಣಗಿದ ಹರಳು ಒಳಗೇ ಕುಸಿದುಬಿಡುತ್ತಿದ್ದಿತೆಂಬುದು ಆಗ ತಿಳಿದುಬಂದಿತು. ಆ ಮೊದಲ ಚಿತ್ರವನ್ನು ತೆಗೆದ ದಿನ ಡಾರತಿಯು ಪ್ರಯೋಗಶಾಲೆಯಲ್ಲಿರಲಿಲ್ಲ. ಕೈಬೆರಳುಗಳ ನೋವಿಗಾಗಿ ವೈದ್ಯರನ್ನು ಕಾಣಲು ಲಂಡನ್ನಿಗೆ ಹೋಗಿದ್ದಳು. ಆಗಿನ್ನೂ ಇಪ್ಪತ್ತನಾಲ್ಕು ವರ್ಷದವಳು. ಜೀವಮಾನವೆಲ್ಲ ಬಿಡದೆ ಕಾಡಿದ ಸಂಧಿವಾತದ ಆರಂಭವದು.

ಮೊದಲ ಚಿತ್ರ, ಮೊದಲ ಸಂಯಮ

ಅದೇ ವರ್ಷ ಡಾರತಿಯವರು ಅಧ್ಯಾಪಕಿಯಾಗಿ ಆಕ್ಸ್‌ಫರ್ಡಿಗೆ ಮರಳಿದರು. ಅವರಿಗೆ ದೊರೆತ ಪ್ರಯೋಗಶಾಲೆಯು ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ಕಟ್ಟಡದಲ್ಲಿದ್ದಿತು. ಕ್ಷ-ಕಿರಣದ ಯಂತ್ರವು ನೆಲಮಾಳಿಗೆಯಲ್ಲಿ; ಹರಳನ್ನು ಪರೀಕ್ಷಿಸುವ ಸೂಕ್ಷ್ಮದರ್ಶಕವು ಎತ್ತರದ ಅಟ್ಟಣೆಯ ಮೇಲೆ. ಒಂದು ಕೈಯಲ್ಲಿ ಹರಳನ್ನು ಹಿಡಿದು ಏಣಿಯನ್ನು ಹತ್ತಿ ಇಳಿಯಬೇಕಾಗಿದ್ದಿತು. ಅಲ್ಲಿನ ರಸಾಯನ ಸಂಘದ ಸಭೆಗಳಿಗೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಇಂತಹ ಸ್ಥಳದಲ್ಲಿ ಅವರ ಕೈಗೆ ಇನ್ಸುಲಿನ್ನಿನ ಹತ್ತು ಮಿಲಿಗ್ರಾಂ ಪುಡಿ ಬಂದಿತು. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿ, ರಕ್ತದಲ್ಲಿನ ಸಕ್ಕರೆಯನ್ನು ಹತೋಟಿಯಲ್ಲಿಡುವ ಈ ವಸ್ತುವನ್ನು ಕೆನಡ ದೇಶದ ಟೊರಾಂಟೋ ನಗರದಲ್ಲಿ ೧೯೨೧-೨೨ರಲ್ಲಿ ಬೇರ್ಪಡಿಸಿದ್ದರು. ಅದು ಎಷ್ಟೋ ಮಧುಮೇಹಿಗಳ ಪ್ರಾಣವನ್ನು ಉಳಿಸುತ್ತಿದ್ದಿತು. ಆದರೆ ಅದರ ಆಕಾರವೇನು, ರಚನೆಯೇನು ಎಂಬುದನ್ನು ಯಾರೂ ಅರಿಯರು.

ಡಾರತಿಯವರು ಆ ಪುಡಿಯನ್ನು ಕರಗಿಸಿ ಹರಳುಗಳನ್ನು ಬೆಳೆಸಿ, ೧೯೩೫ರಲ್ಲಿ ಚಿತ್ರ ತೆಗೆದರು. ರಾತ್ರಿಯ ಹೊತ್ತು ಛಾಯಾಪಟವನ್ನು ತೊಳೆದು ನೋಡಿದಾಗ ಸಾಲುಸಾಲಾಗಿ ಸಣ್ಣ ಚುಕ್ಕಿಗಳು ಮೂಡಿದ್ದುವು. ಸಂತೋಷದಿಂದ ನಿದ್ರೆ ಬಾರದೆ ಆಕ್ಸ್‌ಫರ್ಡಿನ ಬೀದಿಗಳಲ್ಲಿ ಬಹಳ ಹೊತ್ತು ತಿರುಗಿದರಂತೆ. ಆ ಚುಕ್ಕಿಗಳಿಂದ ಹರಳಿನ ಕೋಶದ ಅಳತೆಯನ್ನೂ ಅಣುವಿನ ತೂಕವನ್ನೂ ಗಣಿಸಿ ಒಂದು ಪುಟ್ಟ ಲೇಖನವನ್ನು ಪ್ರಕಟಿಸಿದರು. ಅಷ್ಟಕ್ಕೆ ನಿಂತರು. ಪರಮಾಣುಗಳ ಸ್ಥಾನವನ್ನು ತಿಳಿಯುವ ಉಪಾಯವು ಆಗ ಇರಲಿಲ್ಲ; ಇಲ್ಲದ್ದನ್ನು ಉಂಟೆಂದು ಅವರು ಹೇಳಲಿಲ್ಲ. ಇದೇ ಇನ್ಸುಲಿನ್ನಿನ ಅಳತೆಗಳನ್ನು ಆಧಾರವಾಗಿಟ್ಟುಕೊಂಡು ಬೇರೊಬ್ಬರು ಪ್ರೋಟೀನುಗಳೆಲ್ಲಕ್ಕೂ ಅನ್ವಯಿಸುವ ಸುಂದರವಾದ ಸಿದ್ಧಾಂತವೊಂದನ್ನು ಎತ್ತಿ ಕಟ್ಟಿದರು. ಕೆಲವು ವರ್ಷ ಅದರ ವಿಷಯವಾಗಿ ದೊಡ್ಡ ವಾಗ್ವಾದವೇ ನಡೆದು, ಕಡೆಗೆ ಅದು ಬಿದ್ದುಹೋಯಿತು. ಚುಕ್ಕಿಗಳ ಒಡತಿಯು ಮಾತ್ರ ಆ ಮಾರ್ಗವನ್ನು ಹಿಡಿಯದೆ, ಉಪಾಯವು ಬಲಿಯುವವರೆಗೆ ಬೇರೆ ಹರಳುಗಳ ಕಡೆಗೆ ತಿರುಗಿದರು.

ಸಂಸಾರ, ಸಂಧಿವಾತ

೧೯೩೭ರಲ್ಲಿ ಡಾರತಿಯವರು ತಾಮಸ್ ಹಾಜ್‌ಕಿನ್ ಎಂಬವರನ್ನು ವರಿಸಿದರು. ಆತನು ವಯಸ್ಕರ ಶಿಕ್ಷಣದಲ್ಲಿ ತೊಡಗಿದ್ದು ಮುಂದೆ ಆಫ್ರಿಕದ ಇತಿಹಾಸದಲ್ಲಿ ಪ್ರಸಿದ್ಧನಾದವನು. ೧೯೩೮, ೧೯೪೧, ೧೯೪೬ ಹೀಗೆ ಮೂರು ಮಕ್ಕಳು ಹುಟ್ಟಿದರು. ಮೊದಲ ಮಗುವಿನ ಜನನವಾದ ಬಳಿಕ ಸಂಧಿವಾತವು ಉಗ್ರವಾಗಿ ಎದ್ದಿತು. ಬಾಣಂತಿಯು ತನ್ನ ಬಟ್ಟೆಯನ್ನು ತಾನು ಉಡುವುದೂ ಕಷ್ಟವಾಯಿತು. ಬಿಸಿನೀರಿನ ಸ್ನಾನ, ಸುವರ್ಣದ ಸೂಜಿಮದ್ದು ಇವುಗಳ ಚಿಕಿತ್ಸೆಯಿಂದ ನೋವು ಇಳಿಯಿತಾದರೂ ಕೈಬೆರಳುಗಳು ಸೊಟ್ಟಗಾಗಿಯೇ ಉಳಿದುವು. ಕ್ಷ-ಕಿರಣ ಯಂತ್ರದ ಗುಂಡಿಯನ್ನು ಒತ್ತುವ ಶಕ್ತಿ ಆ ಬೆರಳುಗಳಿಗೆ ಇರಲಿಲ್ಲವಾದುದರಿಂದ ಅದಕ್ಕೆ ಉದ್ದವಾದ ಸನ್ನೆಯೊಂದನ್ನು ಜೋಡಿಸಿಕೊಂಡರು. ಸಾಸಿವೆಗಿಂತ ಚಿಕ್ಕದಾದ ಹರಳನ್ನು ಕೂದಲೆಳೆಯಂತಹ ಗಾಜಿನ ಕೊಳವೆಯ ತುದಿಗೆ ಕೂರಿಸುವ ಕೆಲಸವನ್ನು ಅದೇ ಸೊಟ್ಟ ಬೆರಳುಗಳು ದಶಕಗಳ ಕಾಲ ಮಾಡಿದುವು.

ಪೆನಿಸಿಲಿನ್ನಿನ ವಿವಾದ

ಎರಡನೆಯ ಮಹಾಯುದ್ಧದ ಕಾಲ. ೧೯೨೮ರಲ್ಲಿ ಫ್ಲೆಮಿಂಗ್ ಕಂಡ ಬೂಷ್ಟಿನ ಸತ್ತ್ವವನ್ನು ಆಕ್ಸ್‌ಫರ್ಡಿನ ಫ್ಲೋರಿ, ಚೇನ್ ಮೊದಲಾದವರು ಶೋಧಿಸಿ, ಅದು ಗಾಯದ ನಂಜನ್ನು ಕೊಲ್ಲುವ ದಿವ್ಯೌಷಧಿಯೆಂದು ೧೯೪೦ರಲ್ಲಿ ತೋರಿಸಿದ್ದರು. ಬೂಷ್ಟಿನಿಂದ ದೊರೆಯುವುದು ತೀರ ಸ್ವಲ್ಪ. ರಣರಂಗದಲ್ಲಿ ಬೇಕಾದದ್ದು ಅಪಾರ. ರಸಾಯನಶಾಲೆಯಲ್ಲಿ ಅದನ್ನು ಕೃತಕವಾಗಿ ಮಾಡಬೇಕಾದರೆ ರಚನೆ ತಿಳಿದಿರಬೇಕು. ಅಣುವು ಚಿಕ್ಕದೇ, ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕ, ಗಂಧಕ ಇವಿಷ್ಟೇ ಅದರ ಮೂಲವಸ್ತುಗಳು. ಆದರೂ ರಸಾಯನಶಾಸ್ತ್ರದ ಮಹಾಪಂಡಿತರು ಎರಡು ಪಕ್ಷಗಳಾದರು. ರಾಬರ್ಟ್ ರಾಬಿನ್‌ಸನ್ನರ ಪಕ್ಷವು ಐದು ಪರಮಾಣುಗಳ ಎರಡು ಉಂಗುರಗಳನ್ನು ಹೇಳಿತು. ಇನ್ನೊಂದು ಪಕ್ಷವು, ಮೂರು ಇಂಗಾಲಗಳೂ ಒಂದು ಸಾರಜನಕವೂ ಚೌಕವಾಗಿ ಕೂಡಿದ ಒಂದು ಪುಟ್ಟ ಉಂಗುರವುಂಟೆಂದಿತು. ಅಂತಹ ಬಿಗಿದ ಉಂಗುರವು ನಿಲ್ಲಲಾರದೆಂದು ಬಹುಜನರ ಅಭಿಪ್ರಾಯ. ಜಾನ್ ಕಾರ್ನ್‌ಫರ್ತ್ ಎಂಬ ತರುಣ ವಿಜ್ಞಾನಿಯು, ಅದು ನಿಜವಾದರೆ ತಾನು ರಸಾಯನಶಾಸ್ತ್ರವನ್ನು ಬಿಟ್ಟು ಅಣಬೆ ಬೆಳೆಯಲು ಹೋಗುವೆನೆಂದು ಹೇಳಿದ ಮಾತು ಪ್ರಸಿದ್ಧವಾಗಿದೆ.

ಹಾಜ್‌ಕಿನ್ನರಿಗೂ ಅವರ ಶಿಷ್ಯೆ ಬಾರ್ಬರಾ ಲೋ ಅವರಿಗೂ ದೊರೆತ ಹರಳುಗಳು ಕೆಲವೇ ಮಿಲಿಗ್ರಾಂ. ಇಲ್ಲಿ ಅವರು ಹಿಡಿದ ಉಪಾಯವನ್ನು ಶಾಖಾಚಂದ್ರನ್ಯಾಯವೆನ್ನಬಹುದು. ಬಿದಿಗೆಯ ಚಂದ್ರನನ್ನು ಮಗುವಿಗೆ ತೋರಿಸಬೇಕಾದರೆ ಮೊದಲು ಮರದ ಕೊಂಬೆಯನ್ನು ತೋರಿಸಿ, ಅದರ ತುದಿಯಿಂದಾಚೆಗೆ ನೋಡೆನ್ನುತ್ತೇವೆ. ಹಾಗೆಯೇ ಪೆನಿಸಿಲಿನ್ನಿಗೆ ಪೊಟ್ಯಾಸಿಯಂ, ರುಬಿಡಿಯಂ ಎಂಬ ಭಾರವಾದ ಪರಮಾಣುಗಳನ್ನು ಬೇರೆ ಬೇರೆಯಾಗಿ ಕೂಡಿಸಿದ ಎರಡು ಬಗೆಯ ಲವಣಗಳನ್ನು ತೆಗೆದುಕೊಂಡರು. ಭಾರವಾದ ಪರಮಾಣುವು ಕ್ಷ-ಕಿರಣವನ್ನು ಬಲವಾಗಿ ಚದರಿಸುವುದರಿಂದ ಅದರ ಸ್ಥಾನವು ಬೇಗ ಗೊತ್ತಾಗುತ್ತದೆ; ಅದನ್ನು ಕೊಂಬೆಯಾಗಿ ಹಿಡಿದು ಹಗುರವಾದ ಉಳಿದ ಪರಮಾಣುಗಳನ್ನು ಅರಸಬಹುದು. ಇದೇ ವೇಳೆಗೆ ಕಾರ್ಖಾನೆಯೊಂದರ ವಿಜ್ಞಾನಿಯಾದ ಬನ್ ಎಂಬವರು ಸೋಡಿಯಂ ಲವಣವನ್ನು ಪರೀಕ್ಷಿಸುತ್ತಿದ್ದರು. ರಟ್ಟಿನ ಪಟ್ಟಿಗಳ ಮೇಲೆ ಅಚ್ಚಾದ ಅಂಕಿಗಳನ್ನು ಕೂಡಿ ಕಳೆದು, ಕಡೆಗೆ ತೂತುಬಿದ್ದ ಕಾಗದಗಳನ್ನು ಎಣಿಸುವ ಲೆಕ್ಕದ ಯಂತ್ರವನ್ನೂ ಬಳಸಿ, ಪರಮಾಣುಗಳ ನಕ್ಷೆಯನ್ನು ಗಾಜಿನಂತಹ ಹಲಗೆಗಳ ಮೇಲೆ ಪದರ ಪದರವಾಗಿ ಬರೆದು ಜೋಡಿಸಿದರು. ೧೯೪೫ರಲ್ಲಿ, ಯುರೋಪಿನ ಯುದ್ಧವು ಮುಗಿಯುವ ಸುಮಾರಿಗೆ, ಉತ್ತರವು ಕಣ್ಣೆದುರಿಗೆ ನಿಂತಿತು. ಚೌಕದ ಉಂಗುರವೇ ನಿಜ!

ಈ ನಿರ್ಣಯಕ್ಕೆ ಮತ್ತೊಂದು ಶಾಸ್ತ್ರವೂ ಸಾಕ್ಷಿಯಾಯಿತು. ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ, ವಸ್ತುವೊಂದು ಯಾವ ಯಾವ ಬಣ್ಣವನ್ನು ಹೀರಿಕೊಳ್ಳುವುದೆಂದು ನೋಡುವ ವಿದ್ಯೆಗೆ ವರ್ಣಪಟಲಶಾಸ್ತ್ರವೆಂದು ಹೆಸರು. ಕೆಂಪಿಗೂ ಆಚೆಗಿರುವ, ಕಣ್ಣಿಗೆ ಕಾಣದ ಕಿರಣಗಳನ್ನು ಹಾಯಿಸಿದರೆ ಅಣುವಿನೊಳಗಿನ ಬಂಧಗಳು ತಮ್ಮ ತಮ್ಮ ಶ್ರುತಿಗೆ ಸರಿಹೊಂದುವ ಕಿರಣವನ್ನು ಹೀರಿ ಕಂಪಿಸುತ್ತವೆ. ತಂತಿಯನ್ನು ಬಿಗಿದಷ್ಟೂ ಸ್ವರವು ಏರುವಂತೆ, ಬಿಗಿದ ಉಂಗುರದಲ್ಲಿನ ಬಂಧದ ಶ್ರುತಿಯು ಏರಿರುತ್ತದೆ. ಪೆನಿಸಿಲಿನ್ನಿನಲ್ಲಿ ಇಂಗಾಲ ಆಮ್ಲಜನಕಗಳ ಬಂಧವೊಂದರ ಶ್ರುತಿಯು ಹಾಗೆ ಏರಿದ್ದುದು ಆ ಪರೀಕ್ಷೆಯಲ್ಲಿ ಕಂಡುಬಂದು ಚೌಕದ ಪಕ್ಷಕ್ಕೆ ಬಲ ಕೊಟ್ಟಿತು. ಒಂದು ಶಾಸ್ತ್ರವು ಕೇಳಿ ಹೇಳಿದುದನ್ನು ಇನ್ನೊಂದು ಶಾಸ್ತ್ರವು ಬರೆದು ತೋರಿಸಿದಂತಾಯಿತು. ಕಾರ್ನ್‌ಫರ್ತರು ಅಣಬೆ ಬೆಳೆಯಲು ಹೋಗಲಿಲ್ಲವೆಂಬುದು ಲೋಕದ ಭಾಗ್ಯ. ಅವರಿಗೂ ೧೯೭೫ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ಈ ವಿವಾದದಿಂದ ಮನೆವಾಳ್ತೆಯ ಜನರಿಗೇನು ಎಂದು ಕೇಳಬಹುದು. ಪೆನಿಸಿಲಿನ್ನಿನ ಔಷಧಗುಣವೆಲ್ಲವೂ ಆ ಬಿಗಿದ ಉಂಗುರದಲ್ಲಿಯೇ ಇದೆ. ರೋಗದ ಕ್ರಿಮಿಯು ತನ್ನ ಮೈಸುತ್ತಲೂ ಗೋಡೆ ಕಟ್ಟಿಕೊಳ್ಳಲು ಬಳಸುವ ಪ್ರೋಟೀನಿಗೆ ಈ ಉಂಗುರವು ತಗಲಿದೊಡನೆ, ಬಗ್ಗಿಸಿದ ಬಿಲ್ಲು ಸಿಡಿದಂತೆ ಉಂಗುರವು ಬಿಚ್ಚಿ, ಆ ಪ್ರೋಟೀನಿಗೆ ಅಂಟಿಕೊಂಡು, ಅದನ್ನು ನಿರುಪಯೋಗಿಯಾಗಿ ಮಾಡುತ್ತದೆ. ಗೋಡೆಯಿಲ್ಲದ ಕ್ರಿಮಿಯು ಒಡೆದು ಸಾಯುತ್ತದೆ. ಉಂಗುರವನ್ನು ಹಾಗೆಯೇ ಉಳಿಸಿ ಅದರ ಬಾಲವನ್ನು ಮಾತ್ರ ಬದಲಾಯಿಸಿ ಹೊಸ ಔಷಧಗಳನ್ನು ಮಾಡುವ ದಾರಿಯು ೧೯೫೭ರ ಬಳಿಕ ತೆರೆಯಿತು. ನಮ್ಮ ಮಕ್ಕಳಿಗೆ ಇಂದು ವೈದ್ಯರು ಕೊಡುವ ಅಮಾಕ್ಸಿಸಿಲಿನ್ ಆ ವಂಶದ್ದೇ.

ಕೆಂಪು ಹರಳು

ಆಹಾರ ಸಾಕಷ್ಟಿದ್ದರೂ ರಕ್ತವು ಬತ್ತಿ ಮನುಷ್ಯನು ಸಾಯುವ ಒಂದು ಬಗೆಯ ಘೋರ ಪಾಂಡುರೋಗವುಂಟು. ಪ್ರಾಣಿಗಳ ಯಕೃತ್ತನ್ನು ತಿನ್ನಿಸಿದರೆ ಅದು ಗುಣವಾಗುವುದೆಂದು ೧೯೨೬ರಲ್ಲಿ ತಿಳಿದಿದ್ದಿತು. ಆ ಯಕೃತ್ತಿನೊಳಗಿನ ಸಾರವಸ್ತುವನ್ನು ೧೯೪೮ರಲ್ಲಿ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಬೇರ್ಪಡಿಸಿದರು. ಅದೇ ಬಿ-೧೨, ಮಾಣಿಕ್ಯದಂತಹ ಕೆಂಪು ಹರಳು. ಜಲಜನಕವನ್ನು ಬಿಟ್ಟು ಎಣಿಸಿದರೂ ಇದರ ಅಣುವಿನಲ್ಲಿ ತೊಂಬತ್ತಮೂರು ಪರಮಾಣುಗಳು. ಅಷ್ಟು ದೊಡ್ಡ ಅಣುವಿನ ರಚನೆಯನ್ನು ಹಿಂದೆ ಯಾರೂ ಕ್ಷ-ಕಿರಣದಿಂದ ಬಿಡಿಸಿರಲಿಲ್ಲ. ಅಣುವಿನ ನಡುವೆ ಕೋಬಾಲ್ಟ್ ಎಂಬ ಲೋಹದ ಒಂದು ಪರಮಾಣುವಿದ್ದುದು ಕೊಂಬೆಯಂತೆ ದಾರಿ ತೋರಿತಾದರೂ ಆ ಕೊಂಬೆಯು ಇಷ್ಟು ದೊಡ್ಡ ಕಾಡಿಗೆ ತೀರ ಚಿಕ್ಕದಾಗಿದ್ದಿತು.

ಲೆಕ್ಕವು ಮನುಷ್ಯರ ಕೈಯಲ್ಲಿ ಮುಗಿಯುವಂತಿರಲಿಲ್ಲ. ಕ್ಯಾಲಿಫೋರ್ನಿಯದ ಕೆನೆತ್ ಟ್ರೂಬ್ಲಡ್ ಎಂಬ ವಿಜ್ಞಾನಿಯು ಅಲ್ಲಿನ ಹೊಸ ಗಣಕಯಂತ್ರದಲ್ಲಿ ಲೆಕ್ಕಗಳನ್ನು ಮಾಡಿಕೊಡಲು ಮುಂದಾದನು. ಆಕ್ಸ್‌ಫರ್ಡಿನಿಂದ ಅಂಕಿಗಳು ಸಾಗರವನ್ನು ದಾಟಿ ಹೋಗುವುವು, ಉತ್ತರವು ಅಂಚೆಯಲ್ಲಿಯೋ ತಂತಿಯಲ್ಲಿಯೋ ಬರುವುದು, ನಕ್ಷೆಯನ್ನು ನೋಡಿ ಹಾಜ್‌ಕಿನ್ನರು ಯಾವ ಉಬ್ಬು ನಿಜವಾದ ಪರಮಾಣು, ಯಾವುದು ಬರಿಯ ಭ್ರಾಂತಿ ಎಂದು ವಿವೇಚಿಸುವರು, ಮತ್ತೆ ಲೆಕ್ಕ. ನಿಶ್ಚಯವಾಗದ ಪರಮಾಣುವನ್ನು ಲೆಕ್ಕದಲ್ಲಿ ಸೇರಿಸದೆ ಹೊರಗಿಟ್ಟು, ಮುಂದಿನ ನಕ್ಷೆಯಲ್ಲಿ ಅದು ತಾನಾಗಿಯೇ ಬಂದರೆ ಮಾತ್ರ ಒಪ್ಪಿಕೊಳ್ಳುವುದು, ಇದು ಅವರ ಕ್ರಮ. ಎಂಟು ವರ್ಷಗಳ ಬಳಿಕ, ೧೯೫೬ರಲ್ಲಿ, ರಚನೆಯು ಪೂರ್ತಿಯಾಗಿ ಪ್ರಕಟವಾಯಿತು. ಅದರ ನಡುವಣ ಉಂಗುರವು ರಸಾಯನಶಾಸ್ತ್ರಜ್ಞರು ಅಲ್ಲಿಯವರೆಗೆ ಕಂಡರಿಯದ ಬಗೆಯದಾಗಿದ್ದಿತು. ಈ ಜೀವಸತ್ತ್ವವು ಧಾನ್ಯ, ತರಕಾರಿಗಳಲ್ಲಿ ಇರುವುದಿಲ್ಲವೆಂಬುದನ್ನು ಸಸ್ಯಾಹಾರಿಗಳಾದ ವಾಚಕರು ನೆನಪಿನಲ್ಲಿಡತಕ್ಕದ್ದು. ನಮಗೆ ಅದು ಹಾಲು ಮೊಸರುಗಳಿಂದ ದೊರೆಯುವುದೇ ಹೆಚ್ಚು. ಮುಪ್ಪಿನಲ್ಲಿ ಅದು ಮೈಗೆ ಹತ್ತುವುದು ಕಡಮೆಯಾಗಿ ಕೈಕಾಲು ಜೋಮು, ಮರೆವು ಮೊದಲಾದುವು ತೋರಿದಾಗ ವೈದ್ಯರನ್ನು ಕೇಳಿ ಪರೀಕ್ಷೆ ಮಾಡಿಸುವುದು ಒಳಿತು.

ಪಾರಿತೋಷಕ

೧೯೬೪ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಹಾಜ್‌ಕಿನ್ನರೊಬ್ಬರಿಗೇ ಬಂದಿತು. ಆ ಶಾಸ್ತ್ರದಲ್ಲಿ ಅವರಿಗಿಂತ ಮೊದಲು ಅದನ್ನು ಪಡೆದ ಸ್ತ್ರೀಯರು ಇಬ್ಬರೇ, ೧೯೧೧ರಲ್ಲಿ ಮೇರಿ ಕ್ಯೂರಿ, ೧೯೩೫ರಲ್ಲಿ ಆಕೆಯ ಮಗಳು ಐರೀನ್. ವಾರ್ತೆಯು ಬಂದಾಗ ಹಾಜ್‌ಕಿನ್ನರು ಪತಿಯೊಡನೆ ಆಫ್ರಿಕದ ಘಾನ ದೇಶದಲ್ಲಿದ್ದರು. ಇಂಗ್ಲೆಂಡಿನ ಒಂದು ಪತ್ರಿಕೆಯು, ಆಕ್ಸ್‌ಫರ್ಡಿನ ಗೃಹಿಣಿಯೊಬ್ಬಳಿಗೆ ನೊಬೆಲ್ ಬಂದಿತೆಂದು ತಲೆಬರೆಹವನ್ನಿಟ್ಟಿತು. ಹಗುರಮಾಡುವ ಮಾತೇ ಅದು. ಗಂಡಸೊಬ್ಬನಿಗೆ ಪಾರಿತೋಷಕ ಬಂದರೆ ‘ಗೃಹಸ್ಥನಿಗೆ ನೊಬೆಲ್’ ಎಂದು ಯಾರೂ ಬರೆಯರು. ಮೂರು ಮಕ್ಕಳನ್ನು ಸಾಕಿ, ರೋಗದೊಡನೆ ಹೆಣಗಿ, ಮನೆಯನ್ನೂ ನಡೆಸಿದುದು ಅವರಿಗೆ ಹೆಚ್ಚಿನ ಹೊರೆಯಾಗಿದ್ದಿತೇ ಹೊರತು ಅವರ ಪಾಂಡಿತ್ಯದ ವಿಶೇಷಣವಾಗಿರಲಿಲ್ಲ. ೧೯೬೫ರಲ್ಲಿ ಬ್ರಿಟಿಷ್ ರಾಣಿಯು ಕೊಟ್ಟ ‘ಆರ್ಡರ್ ಆಫ್ ಮೆರಿಟ್’ ಎಂಬ ಗೌರವವು ಫ್ಲಾರೆನ್ಸ್ ನೈಟಿಂಗೇಲರ ತರುವಾಯ ಮತ್ತೊಬ್ಬ ಸ್ತ್ರೀಗೆ ದೊರೆತುದು ಅದೇ ಮೊದಲು.

ಮೂವತ್ತುನಾಲ್ಕು ವರ್ಷಗಳ ಬಳಿಕ

ಇಷ್ಟು ಕೀರ್ತಿ ಬಂದ ಮೇಲೆ ವಿಶ್ರಮಿಸಿಕೊಳ್ಳಬಹುದಾಗಿದ್ದಿತು. ಆದರೆ ೧೯೩೫ರ ಆ ರಾತ್ರಿಯ ಚುಕ್ಕಿಗಳು ಇನ್ನೂ ಉತ್ತರವಿಲ್ಲದೆ ಉಳಿದಿದ್ದುವು. ಈ ನಡುವೆ ಕಾಲವು ಹಣ್ಣಾಗಿದ್ದಿತು. ೧೯೫೫ರ ಹೊತ್ತಿಗೆ ಫ್ರೆಡರಿಕ್ ಸ್ಯಾಂಗರ್ ಇನ್ಸುಲಿನ್ನಿನಲ್ಲಿ ಇಪ್ಪತ್ತೊಂದು ಮತ್ತು ಮೂವತ್ತು ಮಣಿಗಳ ಎರಡು ಸರಗಳಿವೆಯೆಂದೂ ಮಣಿಗಳ ಕ್ರಮವು ಇಂಥದೆಂದೂ ಕಂಡುಹಿಡಿದಿದ್ದನು. ಭಾರವಾದ ಪರಮಾಣುಗಳನ್ನು ಪ್ರೋಟೀನಿನ ಹರಳಿಗೆ ಸೇರಿಸುವ ಉಪಾಯವನ್ನು ಮಾಕ್ಸ್ ಪೆರುಟ್ಸ್ ತೋರಿಸಿದ್ದನು. ಗಣಕಯಂತ್ರಗಳು ಬಲಿತಿದ್ದುವು. ಹಾಜ್‌ಕಿನ್ನರ ಸುತ್ತಲೂ ದೇಶದೇಶಗಳ ತರುಣರು ಬಂದು ಸೇರಿದ್ದರು. ಅವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೌಢವ್ಯಾಸಂಗ ಮಾಡಿದ್ದ ಎಂ. ವಿಜಯನ್ ಒಬ್ಬರು. ೧೯೬೯ರಲ್ಲಿ ನಕ್ಷೆಯು ಸಿದ್ಧವಾಗಿ, ಇನ್ಸುಲಿನ್ನಿನ ಅಣುಗಳು ಆರಾರಾಗಿ, ಎರಡು ಸತುವಿನ ಪರಮಾಣುಗಳ ಸುತ್ತ ಕೂಡಿ ಕುಳಿತಿರುವ ರೂಪವು ಕಾಣಿಸಿತು. ಕೈಗೆತ್ತಿಕೊಂಡುದು ತರುಣಿ; ಬಿಡಿಸಿದುದು ನರೆಗೂದಲಿನ ಹಿರಿಯೆ. ಚೀನದ ವಿಜ್ಞಾನಿಗಳೂ ಸ್ವತಂತ್ರವಾಗಿ ಅದೇ ರಚನೆಯನ್ನು ಬಿಡಿಸಿದಾಗ ಹಾಜ್‌ಕಿನ್ನರು ಸ್ವತಃ ಅಲ್ಲಿಗೆ ಹೋಗಿ ಅವರ ನಕ್ಷೆಯನ್ನು ನೋಡಿ, ಅದರ ಸೊಗಸನ್ನು ಹೊರಲೋಕಕ್ಕೆ ಮನಸಾರೆ ಹೊಗಳಿ ಹೇಳಿದರು.

ಇದರಿಂದಾದ ಫಲವು ಇಂದಿನ ಮಧುಮೇಹಿಗಳ ಕೈಯಲ್ಲಿದೆ. ಆರಾರಾಗಿ ಕೂಡಿದ ಇನ್ಸುಲಿನ್ ಒಂದೊಂದಾಗಿ ಬಿಡಿಯಾಗದೆ ರಕ್ತವನ್ನು ಸೇರಲಾರದು; ಆದುದರಿಂದ ಸೂಜಿ ಚುಚ್ಚಿದ ಬಳಿಕ ಊಟಕ್ಕಾಗಿ ಕಾಯಬೇಕಾಗುತ್ತಿದ್ದಿತು. ಅಣುಗಳು ಒಂದನ್ನೊಂದು ಹಿಡಿದುಕೊಳ್ಳುವ ಸ್ಥಳವು ತಿಳಿದುದರಿಂದ, ಅಲ್ಲಿನ ಎರಡು ಮಣಿಗಳನ್ನು ಅದಲುಬದಲು ಮಾಡಿ, ಬೇಗನೆ ಬಿಡಿಯಾಗುವ ಇನ್ಸುಲಿನ್ನನ್ನು ೧೯೯೬ರಲ್ಲಿ ಬಳಕೆಗೆ ತಂದರು. ವಿಜಯನ್ನರು ಬೆಂಗಳೂರಿಗೆ ಮರಳಿ, ಪ್ರೋಟೀನುಗಳ ಹರಳುಶಾಸ್ತ್ರವನ್ನು ನಮ್ಮ ದೇಶದಲ್ಲಿ ಬೇರೂರಿಸಿ, ನಮ್ಮ ಕಡಲೆಕಾಯಿಯಲ್ಲಿರುವ ಒಂದು ಪ್ರೋಟೀನಿನ ರಚನೆಯನ್ನೂ ಬಿಡಿಸಿ, ೨೦೨೨ರಲ್ಲಿ ತೀರಿಕೊಂಡರು. ಆಕ್ಸ್‌ಫರ್ಡಿನಲ್ಲಿ ಹಚ್ಚಿದ ದೀಪದಿಂದ ಬೆಂಗಳೂರಿನ ಒಂದು ದೀಪವು ಹೀಗೆ ಹೊತ್ತಿಕೊಂಡಿತು.

ಹಾಜ್‌ಕಿನ್ನರ ಮನಸ್ಸು ಹರಳುಗಳಲ್ಲಿಯೇ ಮುಗಿದುಹೋಗಿರಲಿಲ್ಲ. ಅಣ್ವಸ್ತ್ರಗಳನ್ನು ತಡೆಯಲು ವಿಜ್ಞಾನಿಗಳು ಕಟ್ಟಿದ ಪಗ್‌ವಾಷ್ ಸಂಘಕ್ಕೆ ೧೯೭೬ರಿಂದ ೧೯೮೮ರವರೆಗೆ ಅಧ್ಯಕ್ಷರಾಗಿದ್ದರು. ಬ್ರಿಟನ್ನಿನ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ ಒಂದು ಕಾಲದಲ್ಲಿ ಅವರ ಶಿಷ್ಯೆ. ರಾಜಕೀಯದಲ್ಲಿ ಗುರುಶಿಷ್ಯೆಯರದು ಉತ್ತರ ದಕ್ಷಿಣ. ಆದರೂ ಥ್ಯಾಚರರು ಗುರುವಿನ ಚಿತ್ರವನ್ನು ತಮ್ಮ ಅಧಿಕೃತ ನಿವಾಸದಲ್ಲಿ ಇಟ್ಟುಕೊಂಡಿದ್ದರು. ೧೯೯೩ರಲ್ಲಿ ಚೀನದ ರಾಜಧಾನಿಯಲ್ಲಿ ಕೂಡಿದ ಹರಳುಶಾಸ್ತ್ರಜ್ಞರ ಮಹಾಸಭೆಗೆ ಗಾಲಿಕುರ್ಚಿಯಲ್ಲಿ ಕುಳಿತು ಹೋದರು. ಮರುವರ್ಷ, ೧೯೯೪ನೆಯ ಜುಲೈ ೨೯ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ದೇಹವನ್ನು ಬಿಟ್ಟರು.

ತಾಯಿತಂದೆಗಳಿಗೊಂದು ಮಾತು. ರಜೆಯ ದಿನಗಳಲ್ಲಿ ಮಕ್ಕಳಿಗೆ ಒಂದು ಲೋಟ ಬಿಸಿನೀರನ್ನೂ ಸ್ವಲ್ಪ ಪಟಿಕದ ಪುಡಿಯನ್ನೂ ಕೊಡಿರಿ. ಕರಗುವಷ್ಟು ಕರಗಿಸಿ, ಸೋಸಿ, ನೂಲಿಗೆ ಕಟ್ಟಿದ ಒಂದು ಸಣ್ಣ ಹರಳನ್ನು ಆ ನೀರು ಆರಿದ ಮೇಲೆ ಅದರಲ್ಲಿ ಇಳಿಬಿಟ್ಟು, ಕದಲದ ಜಾಗದಲ್ಲಿ ಇಡಲಿ. (ಮೈಲುತುತ್ತವು ವಿಷ, ಅದು ಮಕ್ಕಳ ಕೈಗೆ ಬೇಡ.) ಮೊದಲ ದಿನ ಏನೂ ಕಾಣುವುದಿಲ್ಲ. ಮಗುವು ಲೋಟವನ್ನು ಅಲುಗಿಸಿ ನೋಡಬೇಕೆಂದು ಹಟಮಾಡುವುದು. ಅಲುಗಿಸಿದರೆ ಹರಳು ಕೆಡುವುದೆಂದು ತಿಳಿಯಹೇಳಿರಿ. ದಿನಗಳು ಕಳೆದಂತೆ ಮೂಲೆಗಳು ಮೂಡುವುವು, ಮುಖಗಳು ಹೊಳೆಯುವುವು. ಕಾದವರಿಗೆ ಮಾತ್ರ ಹರಳು ಬೆಳೆಯುವುದೆಂಬುದನ್ನು ಮಗುವು ಪುಸ್ತಕವಿಲ್ಲದೆಯೇ ಕಲಿತುಕೊಳ್ಳುವುದು.